ಠೇವಣಿ

ಗುರುವಾರ ಬಂತೆಂದರೆ ಅಗುಸಾನ್ ದಂಡೆಯ ಟ್ರೈಸಿಕಲ್ ನಿಲ್ದಾಣಕ್ಕೆ
ಹಸಿರು ಚೀಲ ಹೆಗಲಿಗೇರಿಸಿ ಬರುವವಳು ನಾನು,
ಸಹಕಾರ ಬ್ಯಾಂಕಿನ ತಿಯೋಫಿಲಾ.
ಸಿಗರೇಟು ಬಿಡುತ್ತೇನೆಂದವರ ದುಡ್ಡು ವಸೂಲಿ ನನ್ನ ಕೆಲಸ.

ಕರಾರು ಒಂದೇ ಹಾಳೆ:
ಸೇದಿ ಸುಡುವಷ್ಟು ಪೆಸೊ ವಾರವಾರವೂ ನನ್ನ ಕೈಗೆ.
ಆರು ತಿಂಗಳಿಗೆ ಪುಟ್ಟ ಬಾಟಲಿಯಲ್ಲಿ ಮೂತ್ರ.
ಹೊಗೆಯ ಗುರುತಿಲ್ಲವೋ, ಕಟ್ಟಿದ್ದೆಲ್ಲ ವಾಪಸು,
ಬಡ್ಡಿ ಮಾತ್ರ ಬಿಡಿಗಾಸೂ ಇಲ್ಲ.
ಗುರುತಿದೆಯೋ, ಎಲ್ಲವೂ ಅನಾಥಾಲಯಕ್ಕೆ.

"ಬಡ್ಡಿಯಿಲ್ಲದ ಬ್ಯಾಂಕಿಗೆ ಯಾವ ಪೆದ್ದ ಕಟ್ಟುತ್ತಾನೆ?"
ಅಂದವನು ಎಲ್ಪಿಡಿಯೊ.
ಅವತ್ತೇ ಸಹಿ ಹಾಕಿದವನೂ ಅವನೇ.
"ಮನಾಂಗ್, ರಾತ್ರಿ ಮಲಗುವ ನಾನು ಒಳ್ಳೆಯವನು.
ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂರುವವನು ಕಳ್ಳ.
ಆ ಕಳ್ಳನ ಕೈಕಟ್ಟಲು ಈ ಒಳ್ಳೆಯವನ ಹತ್ತಿರ ಹಗ್ಗವಿಲ್ಲ.
ಕೊಡು ನಿನ್ನ ಹಾಳೆ."

ನೆನಿಟಾಳ ಅಂಗಡಿಯಲ್ಲಿ ಸಿಗರೇಟು ಬಿಡಿ ಬಿಡಿ,
ಗಾಜಿನ ಡಬ್ಬಿಯಲ್ಲಿ. ದಾರಕ್ಕೆ ಕಟ್ಟಿದ ಲೈಟರು
ಗಾಳಿಗೆ ತೂಗುತ್ತಿರುತ್ತದೆ.
ಪ್ಯಾಕೆಟ್ಟಿನ ಮೇಲೆ ಕೊಳೆತ ಶ್ವಾಸಕೋಶದ ಚಿತ್ರ
ಸರಕಾರ ಅಚ್ಚು ಹಾಕಿಸಿದ್ದು.
ಅದನ್ನು ದಿನಾ ನೋಡುವವಳು ನೆನಿಟಾ ಒಬ್ಬಳೇ,
ಅವಳು ಸೇದುವುದಿಲ್ಲ.

ಹನ್ನೊಂದು ಜನ ಸಹಿ ಹಾಕಿದ್ದರು.
ಏಳು ಜನರದ್ದು ಅನಾಥ ಮಕ್ಕಳ ಪಾಲಾಯಿತು.
"ಹಾಲು ಕುಡಿಯಲಿ ಬಿಡು" ಎಂದು ಮುದುಕ ಅಮಾಂಟೆ
ನನ್ನೆದುರೇ ಒಂದು ಹಚ್ಚಿದ.
ಆಡಿದ ಮಾತಿಗಿಂತ ಕಟ್ಟಿದ ದುಡ್ಡು ಭಾರ
ಎಂದು ತರಬೇತಿಯಲ್ಲಿ ಹೇಳಿದ್ದರು.
ಎಲ್ಲರಿಗೂ ಅಲ್ಲ.

ನಾಲ್ಕನೇ ತಿಂಗಳು, ಎಲ್ಪಿಡಿಯೊ ದುಡ್ಡು ಕೊಟ್ಟ,
ಮುಖ ಕೊಡಲಿಲ್ಲ.
ಬಾಯಲ್ಲಿ ಪುದೀನಾ ಮಿಠಾಯಿಯ ಘಮ, ಅತಿಯಾಯಿತು.
ನನ್ನ ಪುಸ್ತಕದಲ್ಲಿ ವಾಸನೆಗೆ ಅಂಕಣವಿಲ್ಲ.
ನಲವತ್ತು ಪೆಸೊ ಎಂದಷ್ಟೇ ಬರೆದೆ.
ಮುಂದಿನ ಗುರುವಾರ ಎಂಬತ್ತು ಕೊಟ್ಟ, ಕೇಳದೆಯೇ.

ಪರೀಕ್ಷೆಯ ದಿನ ನರ್ಸು ಪಟ್ಟಿಯನ್ನು ಬೆಳಕಿಗೆ ಹಿಡಿದಳು.
ಕಾಗದದ ಆ ತುಂಡಿನ ಮೇಲೆ ಗೆರೆ ಮೂಡುವ ತನಕ
ಆರು ತಿಂಗಳೂ ಇನ್ನೊಂದು ಸಲ ಕಳೆದ ಹಾಗಿತ್ತು.
ಗೆದ್ದ. ಒಂದು ಸಾವಿರದ ಮುನ್ನೂರ ಎಂಬತ್ತು ಎಣಿಸಿಕೊಂಡ,
ಹಿಂದಿನ ಟಯರು ಬದಲಿಸುತ್ತೇನೆಂದ.

"ಇದು ದುಡ್ಡಿನ ಆಸೆಯಲ್ಲ ಮನಾಂಗ್.
ಸೇದಿದ ಮಾರನೆಯ ದಿನ ಗುರುವಾರ ಬಂದುಬಿಡುತ್ತಿತ್ತು.
ನಿನ್ನ ಚೀಲಕ್ಕೆ ಹೆದರಿದೆ."
ಆಮೇಲೆ ಚೀಲವನ್ನೇ ನೋಡುತ್ತಾ:
"ಆ ನೀಲಿ ಲಕೋಟೆ ಮೂರು ತಿಂಗಳಿಂದ ಅಲ್ಲೇ ಇದೆಯಲ್ಲ?"

ಇದೆ. ಜಿಲ್ಲಾ ಆಸ್ಪತ್ರೆಯದು.
'ತಮಗೆ ಅನುಕೂಲವಾದ ದಿನ ಸ್ಕ್ಯಾನಿಂಗಿಗೆ ಬರತಕ್ಕದ್ದು.'
ಎಡಗಡೆ, ಹೆಸರುಕಾಳಿನಷ್ಟು.
ಬೆರಳು ದಿನವೂ ಅಲ್ಲಿಗೆ ಹೋಗಿ
ಇದೆಯೋ ಇಲ್ಲವೋ ಎಂದು ಕೇಳಿ ಬರುತ್ತದೆ.
ಅನುಕೂಲವಾದ ದಿನ ಯಾವ ಕ್ಯಾಲೆಂಡರಿನಲ್ಲಿದೆ?
ಸೋಮವಾರ ಲೆಕ್ಕ, ಬುಧವಾರ ಮಗಳ ಶಾಲೆ,
ಮಂಗಳವಾರ ಸುಮ್ಮನೆ ಮಂಗಳವಾರ.
ಗೊತ್ತಿಲ್ಲದಿರುವಷ್ಟು ದಿನ ಅದು ಬರೀ ಕಾಳು.
ಬಾಗಿಲಿಗೆ 'ನಾಳೆ ಬಾ' ಎಂದು ಬರೆದು
ಒಳಗೆ ಉಸಿರು ಬಿಗಿಹಿಡಿದು ಕೂತ ಮನೆಯಂತೆ ನಾನು.
ಇಡೀ ನಿಲ್ದಾಣದ ನಾಳೆಗಳನ್ನು ಚೀಲಕ್ಕೆ ತುಂಬಿಕೊಂಡವಳು!

ಹೇಳಲಿಲ್ಲ. ಹೇಳಿದೆನೇನೋ, ಸ್ವಲ್ಪ.
ಅವನು ಬುದ್ಧಿವಾದ ಹೇಳಲಿಲ್ಲ, ಅಂಕಿಅಂಶ ಕೇಳಲಿಲ್ಲ.
"ಮಂಗಳವಾರ ಬೆಳಿಗ್ಗೆ ಆರಕ್ಕೆ ಗಾಡಿ ನಿನ್ನ ಬಾಗಿಲಲ್ಲಿರುತ್ತದೆ.
ಬರುವುದಾದರೆ ಏನೂ ಹೇಳಬೇಡ.
ಬೇಡವಾದರೆ ಹೊರಗೆ ಬಂದು
ಬೀದಿಗೆಲ್ಲ ಕೇಳುವ ಹಾಗೆ ಬೇಡ ಅನ್ನಬೇಕು.
ಅಲ್ಲಿಯವರೆಗೆ ಇಂಜಿನು ಆರಿಸುವುದಿಲ್ಲ."

ಮಂಗಳವಾರ.
ಆರೂ ಹತ್ತು.
ಕಿಟಕಿಯಾಚೆ ಟಯರಿನ ದುಡ್ಡು
ಪೆಟ್ರೋಲಾಗಿ ಉರಿಯುತ್ತಿದೆ, ಗುಡುಗುಡು.
ಎದುರುಮನೆಯವಳು ಆಗಲೇ ಬಗ್ಗಿ ನೋಡುತ್ತಿದ್ದಾಳೆ.
ಬೇಡ ಎಂಬ ಎರಡಕ್ಷರ ನಾಲಿಗೆಯ ಮೇಲಿದೆ,
ಹೊಸ್ತಿಲವರೆಗೆ ಅದನ್ನು ಹೊತ್ತು ಹೋಗುವಷ್ಟು
ಕಾಲಿಗೆ ಬಲ ಬೇಕು.
ಚಪ್ಪಲಿ ಹುಡುಕುತ್ತಿದ್ದೇನೆ.
ಒಂದು ಸಿಕ್ಕಿದೆ.