ಕರೆ ಮುಗಿದ ಮೇಲೆ

ದುರ್ಗಿಗುಡಿಯಲ್ಲಿ ಕನ್ನಡಕದಂಗಡಿಯ ಮೇಲೆ
ಹತ್ತಡಿ ಕೋಣೆ. ಒಂದು ಟೇಬಲ್ಲು, ಒಂದು ಫ್ಯಾನು, ನಾನು.
ನನ್ನ ಕೈಕೆಳಗೆ ಒಂಬತ್ತು ಜನ,
ಕೈಯಳತೆಯಲ್ಲಿ ಒಬ್ಬರೂ ಇಲ್ಲ.
ಹೂವಪ್ಪ ಸೊರಬದಾಚೆ, ನಸ್ರೀನ್ ಭದ್ರಾವತಿ,
ಫಿಲೋಮಿನಾ ಸಾಗರ, ಗುತ್ಯಪ್ಪ ಎಲ್ಲಿ
ಎರಡು ಕಡ್ಡಿ ಸಿಗ್ನಲ್ ಸಿಕ್ಕೀತೋ ಅಲ್ಲಿ.

ನಮ್ಮ ಕೆಲಸ, ಕರೆಂಟು ಹೋದವರ ಬೈಗುಳ ಕೇಳುವುದು.
ಕಂಬದ ನಂಬರು ಬರೆದುಕೊಂಡು
‘ಲೈನ್‌ಮನ್ ಹೊರಟಿದ್ದಾರೆ’ ಎನ್ನುವುದು.
ಎಷ್ಟೋ ಸಲ ಹಾಗೆನ್ನುವವರ ಮನೆಯಲ್ಲೇ ಕರೆಂಟಿಲ್ಲ;
ಮೇಣದಬತ್ತಿ ಹಚ್ಚಿಕೊಂಡು ಕೂತು
‘ನಿಮ್ಮ ಕಷ್ಟ ಅರ್ಥವಾಗುತ್ತೆ ಸರ್’ ಅಂತಾರೆ.
ಎಷ್ಟು ಅರ್ಥವಾಗುತ್ತೆ ಅಂತ ಆ ಸರ್‌ಗೆ
ಗೊತ್ತಾಗುವ ದಾರಿಯೇ ಇಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಪರದೆಯ ಮೇಲೆ ಕಪ್ಪು ಚೌಕಗಳು,
ಬಿಳಿ ಅಕ್ಷರ: ಹೂ, ನ, ಫಿ, ಗು.
ಅಂಕಲಿಪಿಯ ಮುಂದೆ ಕೂತ ಹಾಗೆ ಕೂರುತ್ತೇನೆ.
‘ಏನಾದರೂ ಹೇಳೋದಿದೆಯಾ?’
ಯಾರೋ ಮೈಕ್ ಒತ್ತುತ್ತಾರೆ. ಕುಕ್ಕರ್ ಕೂಗುತ್ತದೆ.
‘ಇಲ್ಲ ಮೇಡಂ.’ ಮತ್ತೆ ಮೈಕಿನ ಮೇಲೆ ಗೀಟು.

ಹೆಡ್ ಆಫೀಸಿನಿಂದ ಸುತ್ತೋಲೆ ಬಂತು:
ತಂಡದಲ್ಲಿ ಲವಲವಿಕೆ ಇರತಕ್ಕದ್ದು.
ಶುಕ್ರವಾರ ನಾಲ್ಕರಿಂದ ನಾಲ್ಕೂವರೆ, ನಗು.
ಅಂತ್ಯಾಕ್ಷರಿ ಆಡಿಸಿದೆ. ‘ಮ’ ಬಂದಾಗ
ಒಂದಿಡೀ ನಿಮಿಷ ಯಾರೂ ಹಾಡಲಿಲ್ಲ.
ಕನ್ನಡದಲ್ಲಿ ‘ಮ’ಕ್ಕೆ ಹಾಡಿನ ಬರವೇ?
ನಾನೇ ಹಾಡಿದೆ, ಶ್ರುತಿ ತಪ್ಪಿತು.
ಚಪ್ಪಾಳೆಯ ಚಿತ್ರಗಳು ಬಂದವು, ಒಂಬತ್ತು.
ಲೆಕ್ಕ ಸರಿಯಾಗಿತ್ತು.

ಆಮೇಲೆ ಆ ಮಂಗಳವಾರ.
‘ಸರಿ, ಪಾಸಿಟಿವ್ ಆಗಿರಿ’ ಎಂದು ಎದ್ದೆ.
ಮೈಕ್ ಮುಚ್ಚಿದೆ, ಕ್ಯಾಮೆರಾ ಮುಚ್ಚಿದೆ,
ಹೊರಗೆ ಹೋಗುವ ಕೆಂಪು ಗುಂಡಿಯೊಂದು ಮರೆತೆ.
ಫ್ಲಾಸ್ಕಿನಿಂದ ಟೀ ಬಗ್ಗಿಸುವಾಗ
ನನ್ನದೇ ದನಿ ಕೇಳಿತು:
‘ಪಾಸಿಟಿವ್ ಆಗಿರೀ ಮಾರಾಯ್ರೇ! ಟ್ರಾನ್ಸ್‌ಫಾರ್ಮರ್ ಸುಟ್ಟರೂ ಪಾಸಿಟಿವ್!
ನೆಗೆಟಿವ್ ವೈರ್ ಮುಟ್ಟಿದವರಿಗೆ ಸಂಬಳ ಕಟ್!’
ಗುತ್ಯಪ್ಪ. ನನ್ನ ಮೂಗಿನ ರಾಗ,
ಕೊನೆಯ ಅಕ್ಷರ ಎಳೆಯುವ ಚಾಳಿ, ಕೆಮ್ಮು ಸಮೇತ.

ಹೂವಪ್ಪನ ನಗು ಹಲಸಿನಹಣ್ಣು ಬಿದ್ದ ಹಾಗೆ, ಒಂದೇ ಸಲ ಧೊಪ್ಪೆಂದು.
ನಸ್ರೀನಳದು ಬಿಕ್ಕಳಿಕೆಗೆ ಹೋಗಿ ನಿಲ್ಲುತ್ತದೆ.
ಫಿಲೋಮಿನಾ ನಕ್ಕರೆ ಕೊನೆಯಲ್ಲಿ ಶಿಳ್ಳೆ ಬರುತ್ತದೆ.
ಹನ್ನೊಂದು ತಿಂಗಳಾಗಿತ್ತು, ಇದೊಂದೂ
ನನಗೆ ಗೊತ್ತಿರಲಿಲ್ಲ.

‘ನಸ್ರೀನಕ್ಕ, ಅಮ್ಮನ ಡಯಾಲಿಸಿಸ್ ನಾಳೆ ಅಲ್ವಾ?
ನಿನ್ನ ಕರೆ ಎಲ್ಲ ನಂಗೆ ತಿರುಗಿಸು, ಎರಡರಿಂದ ಐದು.’
‘ಮೇಡಂಗೆ ಗೊತ್ತಾದ್ರೆ?’
‘ಹೋದ ವಾರ ಗೊತ್ತಾಯ್ತಾ?’
ಹೋದ ವಾರ ಹೂವಪ್ಪನಿಗೆ, ಹೆಚ್ಚು ಕರೆ ತೆಗೆದುಕೊಂಡನೆಂದು,
ಎಲ್ಲರ ಮುಂದೆ ನಕ್ಷತ್ರ ಕೊಟ್ಟಿದ್ದೆ.

ಈಗ ಹೊರಟರೆ ಯಂತ್ರ ‘ಟುಂಯ್’ ಎನ್ನುತ್ತದೆ,
ಇದ್ದರೆ ಕಳ್ಳತನ.
ಅವರ ಚೌಕಗಳ ನಡುವೆ ನನ್ನದೂ ಒಂದು, ಅಷ್ಟೇ ಕಪ್ಪು.
ಟೀ ಮೇಲೆ ಕೆನೆ ಕಟ್ಟುವ ತನಕ ನಿಂತೇ ಇದ್ದೆ.

ಅಜ್ಜ ಮಂಡಕ್ಕಿ ಭಟ್ಟಿಯಲ್ಲಿ ಮೇಸ್ತ್ರಿ.
ಮಧ್ಯಾಹ್ನ ಆಳುಗಳ ಜೊತೆ ಕೂತು ನಾಲ್ಕು ತುತ್ತು ಉಂಡು
‘ಎಲೆಅಡಿಕೆ ತರ್ತೀನಿ’ ಅಂತ ಎದ್ದುಬಿಡೋನು.
ಎಲೆಅಡಿಕೆ ಅವನ ಜೇಬಲ್ಲೇ ಇರುತ್ತಿತ್ತು.
ಮರೆವು ಅಂದುಕೊಂಡಿದ್ದೆವು ನಾವು.

ನಸ್ರೀನಳ ಬುಧವಾರ ಮಧ್ಯಾಹ್ನ ಈಗ ಪಟ್ಟಿಯಲ್ಲೇ ಖಾಲಿ;
ಕಾರಣದ ಜಾಗದಲ್ಲಿ ‘ಲೈನ್ ದುರಸ್ತಿ’ ಎಂದು ಬರೆದಿದ್ದೇನೆ.
ಶುಕ್ರವಾರದ ವರದಿಗೆ, ‘ನಗು: ಆಗಿದೆ.’
ನಾನಿರಲಿಲ್ಲ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ದಿನಾ ಒಂಬತ್ತೂಕಾಲಿಗೆ ಏಳುತ್ತೇನೆ.
‘ಟೀ ತರ್ತೀನಿ, ನೀವು ಮಾತಾಡ್ತಿರಿ.’
ಕೆಂಪು ಗುಂಡಿ ಒತ್ತಿದೆನೇ ಎಂದು ಎರಡು ಸಲ ನೋಡುತ್ತೇನೆ.
ಪಕ್ಕದಲ್ಲೇ ಫ್ಲಾಸ್ಕು, ತುಂಬಿದ್ದು.

ನಿನ್ನೆ ಗುತ್ಯಪ್ಪ ಕೇಳಿದ,
‘ಟೀ ತರೋಕೆ ದಿನಾ ಇಷ್ಟು ಹೊತ್ತಾ ಮೇಡಂ?’
ಕೊನೆಯ ಅಕ್ಷರವನ್ನು
ಒಂದಿಷ್ಟು ಎಳೆದು.