ಮರ ಸಂಖ್ಯೆ ನಲವತ್ತೊಂದು

ಕೋಡಿಬಾಗದ ರಸ್ತೆ ಅಗಲವಾಗಬೇಕು ಎಂದರು.
ಮೂರು ಲೀಟರು ಬಿಳಿ ಬಣ್ಣ, ಒಂದು ಕುಂಚ,
ಸುತ್ತಿಗೆ, ಅರ್ಧ ಕಿಲೋ ಮೊಳೆ.
ಸಹಿ ಹಾಕಿ ಹೊರಟೆ.
ನಲವತ್ತನೆಯದು ಟೊಂಗೆ ಮುರಿದ ನೇರಳೆ.
ನಲವತ್ತೊಂದು, ಹೊನ್ನೆ:
ಬುಡದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬಂಗಡೆ,
ಬಂಗಡೆಯ ಹಿಂದೆ ದುರ್ಗಿ ಹರಿಕಂತ್ರ.
"ಸರಿದು ಕೂರು" ಎಂದೆ. ಎರಡು ಗೇಣು ಸರಿದಳು.
ಅಂಕಿ ಒಣಗುವ ತನಕ ಅದರ ಮೇಲಿನ ನೊಣ ಓಡಿಸಿದಳು.

ಆಮೇಲೆ ನೋಟೀಸು.
ಸದರಿ ಮರಗಳ ಕಡಿತಲೆಗೆ ಆಕ್ಷೇಪಣೆ ಇದ್ದವರು
ಹದಿನೈದು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.
ಮರದ ಸುದ್ದಿಯನ್ನು ಮರಕ್ಕೇ ಹೊಡೆಯಬೇಕು.
ಮೊಳೆ ಹೊಕ್ಕಲ್ಲಿ ಹಸಿರು ಹಳದಿ ಅಂಟು ಬಂತು,
ಎರಡು ದಿನ ನನ್ನ ಬೆರಳಿಗೆ ಅದರದೇ ವಾಸನೆ.

ಹದಿನಾಲ್ಕು ದಿನ ಯಾರೂ ಬರಲಿಲ್ಲ.
ಹದಿನೈದನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ
ಒಂದು ಹಾಳೆ. ಸೈಕಲ್ ರಿಪೇರಿಯ ಇನಾಸ್ ಬರೆದದ್ದು.
ಕೆಳಗೆ ದುರ್ಗಿಯ ಹೆಬ್ಬೆಟ್ಟು,
ಹೆಬ್ಬೆಟ್ಟಿನ ನಡುವೆ ಅಂಟಿದ ಒಂದು ಮೀನಿನ ಹುರುಪೆ.
ಆ ಕಡತ ತೆಗೆದಾಗೆಲ್ಲ
ಕಚೇರಿಯ ಬೆಕ್ಕು ಎದ್ದು ಕೂರುತ್ತಿತ್ತು.

ಸ್ಥಳ ತನಿಖೆಗೆ ಸಾಹೇಬರು ಬಂದರು.
"ನಿನಗೂ ಈ ಮರಕ್ಕೂ ಏನು ಸಂಬಂಧ?"
ದುರ್ಗಿ ಮೇಲೆ ನೋಡಿದಳು, ಕೆಳಗೆ ನೋಡಿದಳು.
"ಅದು ನಿಂತಿತ್ತು, ನಾ ಕೂತಿದ್ದೆ.
ಮೂವತ್ತೆರಡು ಮಳೆಗಾಲ.
ಬಾವಲಿ ಉದುರಿಸಿದ ಬೀಜ ಹೆಕ್ಕಿ, ಗಾಣಕ್ಕೆ ಕೊಟ್ಟು
ದೋಣಿಗೆ ಎಣ್ಣೆ ಬಳಿದಿದ್ದೇವೆ. ದೋಣಿ ಮಾರಿ ಆಯ್ತು.
ಮತ್ತೆಂತ ಸಂಬಂಧ ಬೇಕು, ಸಾಯ್ಬ್ರೆ?"
ಸಾಹೇಬರು ಬರೆದುಕೊಂಡರು: ವ್ಯಾಪಾರಿ.

ಸುತ್ತಳತೆ ಹಿಡಿಯಲು ನನ್ನ ಟೇಪು ಸಾಲಲಿಲ್ಲ.
ಆಕೆ ಬುಟ್ಟಿಯ ಅಡಿಯಿಂದ ಬಲೆಯ ಹುರಿ ಎಳೆದು,
ಒಂದು ಗಂಟು ಹಾಕಿ, ಬುಡ ಬಳಸಿ ಬಂದು
ಗಂಟು ಸಿಕ್ಕಲ್ಲಿ ಇನ್ನೊಂದು ಗಂಟು ಹಾಕಿದಳು.
ನೆಲದ ಮೇಲೆ ಚಾಚಿ ಅಳೆದೆವು: ಒಂಬತ್ತು ಅಡಿ ನಾಲ್ಕು ಇಂಚು.

ಪಕ್ಕದ ನಲವತ್ತೆರಡು, ಗಾಳಿಮರ.
ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಅದರ ಹೆಸರಿದೆ,
ನಾನು ಸುಮ್ಮನೆ ಅಂಕಿ ಬರೆದಿದ್ದೆ.
ಮರುದಿನ ಹನ್ನೊಂದಕ್ಕೆ ನೆಲ ಕಂಡಿತು.
ಸಂಜೆ ಕಾಳಿಯ ಕಡೆಯಿಂದ ಗಾಳಿ ಬಂತು,
ಸದ್ದಾಗಲಿಲ್ಲ.

ಕಡತ ಶಿರಸಿಗೆ ಹೋಯಿತು, ಬಂತು, ಮತ್ತೆ ಹೋಯಿತು.
ಒಂದು ಮಳೆಗಾಲ ಮುಗಿದು ಇನ್ನೊಂದು ಹಿಡಿಯಿತು.
ಆದೇಶ: ಮರ ಸಂಖ್ಯೆ ೪೧ ಉಳಿಸಿಕೊಳ್ಳತಕ್ಕದ್ದು.
ರಸ್ತೆಯನ್ನು ಮೂರು ಅಡಿ ಸರಿಸತಕ್ಕದ್ದು.
ಪ್ರತಿಯನ್ನು ಸ್ಥಳದಲ್ಲಿ ಪ್ರಕಟಿಸತಕ್ಕದ್ದು.

ಮತ್ತೆ ಸುತ್ತಿಗೆ, ಮತ್ತೆ ಮೊಳೆ.
ಉಳಿದೆ ಎಂದು ಹೇಳಲಿಕ್ಕೂ ಹೊಡೆಯಬೇಕು.
ಹಳೆಯ ಮೊಳೆಯ ತಲೆಯನ್ನು
ತೊಗಟೆ ಅರ್ಧ ನುಂಗಿತ್ತು.
ಕೈ ಎತ್ತಿದ್ದೆ. "ತಡಿ" ಎಂದಳು ದುರ್ಗಿ.
ಬುಟ್ಟಿಯ ಅಡಿಯಿಂದ ಅದೇ ಹುರಿ.
ಆದೇಶವನ್ನು ಮರಕ್ಕೆ ಒತ್ತಿ ನಾನು ನಿಂತೆ,
ಆಕೆ ಬಳಸಿ ಬಂದಳು.

ಗಂಟಿಗೆ ಗಂಟು ಮುಟ್ಟಲಿಲ್ಲ.
ಎರಡು ಬೆರಳು ಕಡಿಮೆ.
ಅವಳು ಬೆರಳಿಟ್ಟು ನೋಡಿದಳು, ನಾನೂ ಇಟ್ಟು ನೋಡಿದೆ.

ಕಡತದಲ್ಲಿ ಈಗಲೂ ಒಂಬತ್ತು ಅಡಿ ನಾಲ್ಕು ಇಂಚು.
ತಿದ್ದಬೇಕಾದರೆ ಹೊಸ ಅರ್ಜಿ ಬೇಕು.