ತಳದಲ್ಲಿ ಮಿಕ್ಕಿದ್ದು

ಉಣ್ಣೆಯ ಕಾಲುಚೀಲವೊಂದರಲ್ಲಿ ತುರುಕಿ ತಂದಿದ್ದಳು ಹಿಲ್ಕೆ.
ಮೇಜಿನ ಮೇಲೆ ಕೊಡವಿದಾಗ
ಮೊದಲು ಬಿದ್ದದ್ದು ತುಕ್ಕು,
ಒಂದು ಚಿಟಿಕೆ ಕೆಂಪು ಪುಡಿ.
ಆಮೇಲೆ ದೀಪ.

"ಹೊಸದರ ಹಾಗೆ ಮಾಡಿಕೊಡು, ಗೆರ್ಲೋಫ್.
ದೊಡ್ಡಪ್ಪನ ಸೈಕಲ್ಲಿನದು."

ಫೋಲ್ಕರ್ಟನ ಕಥೆ ಹಾರ್ಲಿಂಗನ್ನಿನಲ್ಲಿ ಯಾರಿಗೆ ಗೊತ್ತಿಲ್ಲ?
ಇಪ್ಪತ್ತೊಂಬತ್ತರ ಫೆಬ್ರವರಿ, ಕಾಲುವೆಗಳೆಲ್ಲ ಕಲ್ಲಾದ ರಾತ್ರಿ,
ಎಳೆ ತಂಗಿಗೆ ಉಸಿರು ಸಿಕ್ಕಿಕೊಂಡಿತೆಂದು
ಫ್ರಾನೆಕರಿನ ಡಾಕ್ಟರನ್ನು ಕರೆಯಲು ಹೊರಟ ಹುಡುಗ,
ಹದಿನಾಲ್ಕು ವರ್ಷ.
ಏರಿಯ ಮೇಲೆ ಅರ್ಧದಾರಿಯಲ್ಲಿ ಕಾರ್ಬೈಡ್ ಮುಗಿಯಿತಂತೆ.
ಬೆಳಗಾಗುವ ತನಕ ಅಲ್ಲೇ ಕೂತನಂತೆ.
ಡಾಕ್ಟರು ಬರುವಷ್ಟರಲ್ಲಿ ಬಡಗಿ ಬಂದು
ಅಳತೆ ತೆಗೆದುಕೊಂಡು ಹೋಗಿದ್ದ.

ಹಿಡಿಕೆಯ ಕಬ್ಬಿಣವನ್ನು ವಿನಿಗರಿಗೆ ಹಾಕಿದೆ.
ಹಿತ್ತಾಳೆಯ ಮೈಗೆ ಅದು ಆಗದು, ಬರೀ ಸೋಪುನೀರು,
ಸವೆದ ಹಲ್ಲುಜ್ಜುವ ಬ್ರಶ್ಶು;
ಹಸಿರು ಕಿಲುಬು ಎದ್ದು ಬಂತು, ಹಠವಿಲ್ಲದೆ.
ಬತ್ತಿಯಿಲ್ಲದ ದೀಪ ಇದು. ಬತ್ತಿಯ ಜಾಗದಲ್ಲಿ
ಎರಡು ಕೊಂಬಿನ ಕಲ್ಲಿನ ಮೂತಿ;
ಅದರ ಸೂಜಿಮೊನೆ ತೂತಿಗೆ
ಮೊಮ್ಮಗನ ಗಿಟಾರಿನ ಹರಿದ ತಂತಿ.
ಬಲಗಡೆಯ ಹಸಿರು ಕಣ್ಣು ಇತ್ತು, ಎಡಗಡೆಯ ಕೆಂಪು ಇರಲಿಲ್ಲ.
ಬಂದರಿನಲ್ಲಿ ಒಡೆದ ದೋಣಿದೀಪದ ಚೂರೊಂದನ್ನು
ಎರಡು ಸಂಜೆ ಉಜ್ಜಿ ಉಜ್ಜಿ ಕೂರಿಸಿದೆ.

ತಳದ ಡಬ್ಬಿ ಮಾತ್ರ ಕಬ್ಬಿಣದ ಕಡಲೆ.
ಎಣ್ಣೆ ಬಿಟ್ಟೆ. ಬಿಸಿನೀರ ಬಟ್ಟೆ ಸುತ್ತಿದೆ.
ಬೈದೆ, ನನ್ನಪ್ಪ ಎತ್ತುಗಳಿಗೆ ಬೈಯುತ್ತಿದ್ದ ಮಾತಿನಲ್ಲಿ.
ಐದನೆಯ ದಿನ ಕಿರ್ರೆಂದು ಬಿಟ್ಟುಕೊಟ್ಟಿತು.

ದೀಪದ ಬುಡದಲ್ಲಿ ಕತ್ತಲೆ, ಸರಿ.
ಆ ಕತ್ತಲೆಯಲ್ಲಿ ಸುಣ್ಣ.
ಸುಣ್ಣ ಕೆರೆದರೆ ನಡುವೆ
ಹೆಬ್ಬೆರಳ ಗಂಟಿನಷ್ಟು ಬೂದುಗಲ್ಲು.
ಉಗುಳು ಹಚ್ಚಿದೆ.
ಸುಯ್ ಅಂದಿತು.

ಹಿತ್ತಾಳೆ ಕಿವಿ ನನ್ನದು,
ಎಪ್ಪತ್ತು ವರ್ಷ ಊರು ಹೇಳಿದ್ದನ್ನೆಲ್ಲ ನಂಬಿತ್ತು.
ಈಗ ಹಿತ್ತಾಳೆಗೇ ಬಾಯಿ ಬಂದಿತ್ತು.

ನೀರು ಹೆಪ್ಪುಗಟ್ಟಿರಬಹುದು ಆ ಚಳಿಗೆ.
ಹುಡುಗನಿಗೆ ಏನು ಗೊತ್ತು, ಕಾರ್ಬೈಡ್ ಅಂದುಕೊಂಡ.
ಆದರೆ ನೀರಿನ ತಿರುಗಣಿ ಬಲಕ್ಕೆ,
ಕೊನೆಯ ಸುತ್ತಿನವರೆಗೂ ಬಿಗಿದಿತ್ತು.
ಮರುದಿನ ಬೇರೆ ಯಾರಾದರೂ ಬಿಗಿದಿರಬಹುದು.
ಇರಬಹುದು.
ಅವನು ಮುದುಕನಾದಾಗ ನೋಡಿದ್ದೇನೆ:
ಹಗಲಲ್ಲೂ ಸೈಕಲ್ಲನ್ನು ತಳ್ಳಿಕೊಂಡೇ ನಡೆಯುತ್ತಿದ್ದ.
ಎದುರಿಗೆ ಸಿಕ್ಕವರು "ಗಾಳಿ ಹೋಯ್ತೇ?" ಅಂದರೆ
ಹೌದು ಅನ್ನುತ್ತಿದ್ದ.

ಬೆಳಕಿದ್ದರೆ ಮುಂದೆ ಹೋಗಬೇಕಾಗುತ್ತದೆ, ಅಲ್ಲವೆ?
ಮುಂದೆ ಹೋದರೆ ಬಾಗಿಲು ಬಡಿಯಬೇಕು,
ಬಾಯಿಬಿಟ್ಟು ಹೇಳಬೇಕು, ಮನೆಯಲ್ಲಿ ಏನಾಗುತ್ತಿದೆಯೆಂದು.

ಶನಿವಾರ ಬೆಳಗ್ಗೆ ಅಂಗಡಿಯ ಕದ ಹಾಕಿ
ಆ ಕಲ್ಲನ್ನೇ ಡಬ್ಬಿಗಿಟ್ಟು
ಒಂದೊಂದೇ ಹನಿ ಬಿಟ್ಟು ಕಡ್ಡಿ ಗೀರಿದೆ.
ಬೆಳ್ಳಗೆ, ಹಾಲಿಗಿಂತ ಬೆಳ್ಳಗೆ.
ಗೋಡೆಯ ಮೇಲೆ ಸ್ಪ್ಯಾನರುಗಳು ತಮ್ಮ ತಮ್ಮ ನೆರಳಿನ ಪಕ್ಕ ನಿಂತವು.
ಗಡಿಯಾರ ನೋಡುತ್ತ ಕೂತೆ, ಹನ್ನೊಂದು ನಿಮಿಷ.
ಹುಡುಗನ ತುಳಿತಕ್ಕೆ ಮೂರು ಕಿಲೋಮೀಟರು ಇದ್ದೀತು.
ಅಷ್ಟರಲ್ಲಿ ಫ್ರಾನೆಕರಿನ ಮೊದಲ ಕಿಟಕಿ ಕಾಣುತ್ತದೆ.
ಅಥವಾ ಇಲ್ಲ.
ನಾನು ಆ ದಾರಿಯನ್ನು ಅಳೆದಿಲ್ಲ.
ಉರಿ ಕುಗ್ಗಿ, ನೀಲಿಯಾಗಿ, ಮೂತಿಯೊಳಗೆ ಹೋಯಿತು.
ತಳದ ಸುಣ್ಣವನ್ನು ಹಿತ್ತಿಲಿಗೆ ಚೆಲ್ಲಿದೆ.

ಮಧ್ಯಾಹ್ನ ಬಂದಳು.
ಕೆಂಪು ಕಣ್ಣನ್ನು ಬೆರಳಿಂದ ಮುಟ್ಟಿದಳು,
ಹಿತ್ತಾಳೆಯಲ್ಲಿ ಉಬ್ಬಿದ ತನ್ನ ಮೂಗು ನೋಡಿ ನಕ್ಕಳು.
"ಏನಾಗಿತ್ತು ಇದಕ್ಕೆ?"
ತುಕ್ಕು, ಅಂದೆ.

ಅವಳು ಗಾಳಿ ಮೂಸಿದಳು.
"ಬೆಳ್ಳುಳ್ಳಿ ಹುರಿದೆಯಾ ಇಲ್ಲಿ?"
ನಾನು ಆ ಕಾಲುಚೀಲ ಹುಡುಕುತ್ತಿದ್ದೆ,
ಸುತ್ತಿ ಕೊಡಲು.